ವಿದೇಶಿ ಗ್ರಾಹಕರ ಆದಾಯಕ್ಕೆ ಗ್ನೂಕ್ಯಾಶ್: ಹಲವು ವರ್ಷಗಳ ಬಳಕೆಯ ನಂತರದ ಅಭಿಪ್ರಾಯ

ಬೇರೆ ದೇಶಗಳ ಗ್ರಾಹಕರಿಗೆ ಸ್ವತಂತ್ರವಾಗಿ ಕೆಲಸ ಮಾಡಿಕೊಡುವವರಿಗೆ ತೆರಿಗೆಯ ಲೆಕ್ಕಕ್ಕಿಂತ ಅದರ ಹಿಂದಿನ ದಾಖಲೆಯೇ ಹೆಚ್ಚು ತಲೆನೋವು ತರುತ್ತದೆ. ಹಣ ಯಾವ ದಿನ, ಯಾವ ವಿನಿಮಯ ದರದಲ್ಲಿ, ಏನೇನು ಕಡಿತವಾಗಿ ಕೈಸೇರಿತು ಎಂಬುದನ್ನು ಕೆಲವು ವರ್ಷಗಳ ನಂತರ ಕೇಳಿದರೂ ತೋರಿಸುವಂತಿರಬೇಕು. ಈ ಒಂದು ಕೆಲಸಕ್ಕಾಗಿ ನಾನು ಹಲವು ವರ್ಷಗಳಿಂದ ಗ್ನೂಕ್ಯಾಶ್ ಎಂಬ ಲೆಕ್ಕಪತ್ರ ತಂತ್ರಾಂಶ ಬಳಸುತ್ತಿದ್ದೇನೆ. ಇದರ ಮೊದಲ ಸ್ಥಿರ ಆವೃತ್ತಿ ಬಂದದ್ದು 1998ರಲ್ಲಿ. ಇದು ಉಚಿತ, ಮುಕ್ತ ತಂತ್ರಾಂಶವಾಗಿದ್ದು ಲಿನಕ್ಸ್, ವಿಂಡೋಸ್ ಮತ್ತು ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಪ್ರತಿ ಮೊತ್ತವನ್ನೂ ಕನಿಷ್ಠ ಎರಡು ಖಾತೆಗಳಲ್ಲಿ ಬರೆಯುವ ಜೋಡಿ ನಮೂದು ಪದ್ಧತಿಯನ್ನು ಅನುಸರಿಸುವುದರಿಂದ ಬಂದ ಹಣ ಎಲ್ಲಿಂದ ಬಂತು, ಹೋದ ಹಣ ಎಲ್ಲಿಗೆ ಹೋಯಿತು ಎಂಬುದನ್ನು ಹೇಳದೆ ಯಾವ ಮೊತ್ತವನ್ನೂ ಸಮತೋಲದಲ್ಲಿ ಬರೆಯಲಾಗುವುದಿಲ್ಲ. ನನ್ನ ಮಟ್ಟಿಗೆ ಇದರ ನಿಜವಾದ ಉಪಕಾರ ಇದೇ.

ಒಂದು ಉದಾಹರಣೆ ನೋಡೋಣ. ಗ್ರಾಹಕರಿಗೆ 1,000 ಡಾಲರಿನ ಇನ್‌ವಾಯ್ಸ್ ಕಳುಹಿಸಿದ್ದೀರಿ, ಬ್ಯಾಂಕಿಗೆ ಜಮೆಯಾದದ್ದು 955 ಡಾಲರ್ ಎಂದುಕೊಳ್ಳಿ. ಉಳಿದ 45 ಡಾಲರಿನಲ್ಲಿ ಒಂದಷ್ಟು ಪಾವತಿ ಸೇವೆಯ ಶುಲ್ಕ, ಒಂದಷ್ಟು ನಡುವಿನ ಬ್ಯಾಂಕಿನ ಶುಲ್ಕ. ಕೈಗೆ ಬಂದದ್ದನ್ನೇ ಆದಾಯವೆಂದು ಬರೆದುಕೊಂಡರೆ ಗ್ರಾಹಕರ ಪುಸ್ತಕದಲ್ಲಿರುವ 1,000ಕ್ಕೂ ನಮ್ಮ 955ಕ್ಕೂ ತಾಳೆಯಾಗುವುದಿಲ್ಲ. ವೆಚ್ಚವೆಂದು ಕಳೆಯಲು ಕಾನೂನು ಅವಕಾಶ ಕೊಟ್ಟರೂ ಆ 45ರ ಗುರುತು ಎಲ್ಲೂ ಉಳಿದಿರುವುದಿಲ್ಲ. ವಹಿವಾಟು ಇಂತಿಷ್ಟು ಮೀರಿದರೆ ನೋಂದಣಿ ಕಡ್ಡಾಯ ಎಂಬ ನಿಯಮವಿರುವಲ್ಲಿ ಒಟ್ಟು ಮೊತ್ತವೇ ತಪ್ಪಾಗುತ್ತದೆ. ಗ್ನೂಕ್ಯಾಶ್‌ನಲ್ಲಿ ಇದೇ ಪಾವತಿಯನ್ನು ವಿಭಜಿತ ನಮೂದಾಗಿ ಬರೆಯುತ್ತೇವೆ: ಬ್ಯಾಂಕ್ ಖಾತೆಗೆ 955, ಶುಲ್ಕದ ಖಾತೆಗೆ 45, ಬರಬೇಕಾದ ಬಾಕಿಯಿಂದ 1,000. ಇನ್‌ವಾಯ್ಸ್‌ಗೆ ಪಾವತಿ ದಾಖಲಿಸುವ ಕಿಟಕಿಯಲ್ಲಿ ಈ ವಿಭಜನೆ ತಾನಾಗಿ ಆಗುವುದಿಲ್ಲ, ಶುಲ್ಕದ ಸಾಲನ್ನು ಕೈಯಾರೆ ಸೇರಿಸಬೇಕು. ನಾನು ಬಳಸುವ ಒಂದು ಪಾವತಿ ಸೇವೆ ತನ್ನ ಮಾಸಿಕ ವರದಿಯಲ್ಲಿ ನಿವ್ವಳ ಮೊತ್ತವನ್ನು ಮಾತ್ರ ತೋರಿಸುತ್ತದೆ. ಆದ್ದರಿಂದ ಪ್ರತಿ ಪಾವತಿಯ ರಸೀದಿಯನ್ನು ಅಂದಂದೇ ಇಳಿಸಿಕೊಂಡು ನಮೂದಿಗೆ ಜೋಡಿಸುವುದು ನನ್ನ ರೂಢಿ. ಅಂದಹಾಗೆ, ನೇರ ಬ್ಯಾಂಕ್ ವರ್ಗಾವಣೆಯಲ್ಲಿ ಶುಲ್ಕ ಯಾರು ಭರಿಸಬೇಕೆಂಬುದನ್ನು ಕಳುಹಿಸುವವರು ಮೊದಲೇ ಆಯ್ಕೆ ಮಾಡಬಹುದು. ಬ್ಯಾಂಕುಗಳು ವಿದೇಶಿ ವರ್ಗಾವಣೆಗೆ ಪರಸ್ಪರ ಕಳುಹಿಸುವ ಸ್ವಿಫ್ಟ್ ಸಂದೇಶದಲ್ಲಿ ಒಯುಆರ್ ಎಂದಿದ್ದರೆ ಎಲ್ಲ ಶುಲ್ಕವೂ ಕಳುಹಿಸುವವರದು, ಎಸ್‌ಎಚ್‌ಎ ಎಂದಿದ್ದರೆ ಇಬ್ಬರಿಗೂ ಹಂಚಿಕೆ, ಬಿಇಎನ್ ಎಂದಿದ್ದರೆ ಪೂರ್ತಿ ಪಡೆಯುವವರದು. ಒಪ್ಪಂದದ ಹಂತದಲ್ಲೇ ಇದನ್ನು ಮಾತಾಡಿಕೊಂಡರೆ ಲೆಕ್ಕದ ಕೆಲಸ ಅಷ್ಟರಮಟ್ಟಿಗೆ ಹಗುರವಾಗುತ್ತದೆ.

ವಿನಿಮಯ ದರದ ವಿಷಯದಲ್ಲಿ ಈ ತಂತ್ರಾಂಶ ತುಂಬ ಶಿಸ್ತಿನದು. ಪ್ರತಿ ಖಾತೆಗೂ ಅದರದೇ ನಾಣ್ಯವಿರುತ್ತದೆ. ಡಾಲರ್ ಖಾತೆಯಿಂದ ಸ್ವದೇಶದ ನಾಣ್ಯದ ಖಾತೆಗೆ ಮೊತ್ತ ಸಾಗಿಸುವಾಗ ದರವನ್ನೋ ತಲುಪಿದ ಮೊತ್ತವನ್ನೋ ಕೇಳುತ್ತದೆ. ಇನ್‌ವಾಯ್ಸ್ ದಿನ ಡಾಲರಿಗೆ 50 ಇದ್ದ ದರ ಹಣ ಬರುವ ಹೊತ್ತಿಗೆ 52 ಆಗಿದ್ದರೆ, ಶುಲ್ಕದ ಮಾತು ಬದಿಗಿಟ್ಟು ನೋಡಿದಾಗ, 1,000 ಡಾಲರಿನ ಮೇಲೆ 2,000ದ ವ್ಯತ್ಯಾಸ ಉಂಟಾಗುತ್ತದೆ. ಇದು ಕೆಲಸದಿಂದ ಬಂದ ಸಂಪಾದನೆಯಲ್ಲ, ವಿನಿಮಯದ ಲಾಭ. ಇದಕ್ಕೆ ತೆರಿಗೆ ಹೇಗೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಕಡತದ ಗುಣಲಕ್ಷಣಗಳಲ್ಲಿರುವ ಟ್ರೇಡಿಂಗ್ ಖಾತೆಗಳ ಆಯ್ಕೆಯನ್ನು ಸಕ್ರಿಯಗೊಳಿಸಿದರೆ ಈ ವ್ಯತ್ಯಾಸ ಆದಾಯದೊಳಗೆ ಬೆರೆಯದೆ ಬೇರೆಯೇ ನಿಲ್ಲುತ್ತದೆ. ಹೊಸಬರು ಪುಸ್ತಕ ತೆರೆಯುವ ದಿನವೇ ಇದನ್ನು ಮಾಡಿಕೊಳ್ಳುವುದು ಒಳ್ಳೆಯದು.

ಆದರೆ ದರವನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಎಂಬ ತೀರ್ಮಾನ ನಮ್ಮದೇ. ಫೈನಾನ್ಸ್ ಕೋಟ್ ಎಂಬ ಪೂರಕ ತಂತ್ರಾಂಶದ ಮೂಲಕ ಗ್ನೂಕ್ಯಾಶ್ ಅಂತರ್ಜಾಲದಿಂದ ದರಗಳನ್ನು ತರಬಲ್ಲದು, ಆದರೆ ಅದು ಆ ಹೊತ್ತಿನ ಮಾರುಕಟ್ಟೆ ದರ. ತೆರಿಗೆ ಇಲಾಖೆ ಒಪ್ಪುವ ದರ ಅದೇ ಆಗಿರಬೇಕೆಂದಿಲ್ಲ. ಯೂರೋಪಿನ ಕೇಂದ್ರ ಬ್ಯಾಂಕ್ ಕೆಲಸದ ದಿನಗಳಲ್ಲಿ ಮಧ್ಯ ಯೂರೋಪಿನ ಸಮಯ ಸಂಜೆ 4 ಗಂಟೆಯ ಸುಮಾರಿಗೆ ಪ್ರಕಟಿಸುವ ಉಲ್ಲೇಖ ದರವೂ ಮಾಹಿತಿಗಷ್ಟೇ ಎಂದು ಆ ಬ್ಯಾಂಕೇ ಹೇಳುತ್ತದೆ. ಹಾಗಾಗಿ ನಾನು ದರಗಳನ್ನು ತಾನಾಗಿ ತರಿಸಿಕೊಳ್ಳುವುದಿಲ್ಲ. ನಮ್ಮ ನಿಯಮ ಹೇಳುವ ದರವನ್ನು ಕೈಯಾರೆ ನಮೂದಿಸಿ, ಅದರ ಮೂಲವನ್ನು ಟಿಪ್ಪಣಿಯಲ್ಲಿ ಬರೆದಿಡುತ್ತೇನೆ.

ಅತಿ ದೊಡ್ಡ ಕೊರತೆ ಎಲ್ಲಿದೆ ಎಂದರೆ ಇನ್‌ವಾಯ್ಸ್ ವಿಭಾಗದಲ್ಲಿ. ಇನ್‌ವಾಯ್ಸನ್ನು ಪುಸ್ತಕಕ್ಕೆ ಏರಿಸಿದ ದಿನವೇ ಅದು ಆದಾಯವೆಂದು ದಾಖಲಾಗುತ್ತದೆ. ಹಣ ಕೈಸೇರಿದಾಗ ಮಾತ್ರ ಆದಾಯವೆಂದು ಲೆಕ್ಕ ಹಿಡಿಯುವ ನಗದು ಪದ್ಧತಿಯನ್ನು ಅನುಸರಿಸುವ ಫ್ರೀಲಾನ್ಸರ್‌ಗಳಿಗೆ ಇದು ವರ್ಷದ ಕೊನೆಯಲ್ಲಿ ತೊಡಕು ತರುತ್ತದೆ, ಏಕೆಂದರೆ ಹಳೆಯ ತೆರಿಗೆ ವರ್ಷದ ಕೊನೆಯ ತಿಂಗಳ ಇನ್‌ವಾಯ್ಸ್‌ಗೆ ಹೊಸ ವರ್ಷದಲ್ಲಿ ಹಣ ಬಂದಾಗ ಆದಾಯದ ವರದಿಯೂ ರಿಟರ್ನ್ ಕೂಡ ಬೇರೆ ಬೇರೆ ಮೊತ್ತ ತೋರಿಸುತ್ತವೆ. ಅಂಥವರು ಇನ್‌ವಾಯ್ಸ್ ವಿಭಾಗವನ್ನು ಬಿಟ್ಟು, ಇನ್‌ವಾಯ್ಸನ್ನು ಬೇರೆಡೆ ತಯಾರಿಸಿ, ಹಣ ಬಂದ ದಿನಾಂಕಕ್ಕೆ ನೇರವಾಗಿ ಆದಾಯ ಖಾತೆಗೆ ನಮೂದಿಸುವುದೇ ಸರಿ. ನಾನೂ ಈಗ ಅದನ್ನೇ ಮಾಡುತ್ತಿದ್ದೇನೆ. ಬಾಕಿಯ ಪಟ್ಟಿಯನ್ನು ಒಂದು ಸಣ್ಣ ಸ್ಪ್ರೆಡ್‌ಶೀಟಿನಲ್ಲಿ ಇಟ್ಟುಕೊಂಡಿದ್ದೇನೆ.

ಗ್ರಾಹಕರ ದೇಶದಲ್ಲೇ ತೆರಿಗೆ ಕಡಿತವಾದಾಗ ಖಾತೆಗಳನ್ನು ಮನಸ್ಸಿಗೆ ಬಂದಂತೆ ರಚಿಸಿಕೊಳ್ಳುವ ಸ್ವಾತಂತ್ರ್ಯ ಬಹಳ ಉಪಯೋಗಕ್ಕೆ ಬರುತ್ತದೆ. ವಿದೇಶದಲ್ಲಿ ಕಡಿತವಾದ ತೆರಿಗೆಗೆ ದೇಶವಾರು ಖಾತೆ ತೆರೆದು, ಪ್ರತಿ ನಮೂದಿಗೂ ಗ್ರಾಹಕರು ಕೊಟ್ಟ ಪ್ರಮಾಣಪತ್ರದ ಪಿಡಿಎಫ್ ಜೋಡಿಸಿದರೆ, ದ್ವಿತೆರಿಗೆ ತಡೆ ಒಪ್ಪಂದದಡಿ ಸ್ವದೇಶದಲ್ಲಿ ಆ ಮೊತ್ತಕ್ಕೆ ರಿಯಾಯಿತಿ ಕೇಳುವಾಗ ಅಲೆದಾಡಬೇಕಾಗುವುದಿಲ್ಲ. ತೆರಿಗೆ ವರ್ಷಗಳು ಹೊಂದಿಕೊಳ್ಳದಿರುವುದೇ ಇಲ್ಲಿನ ನಿಜವಾದ ಸಮಸ್ಯೆ. ಅಮೆರಿಕದ ಗ್ರಾಹಕರ ಪ್ರಮಾಣಪತ್ರ ಕ್ಯಾಲೆಂಡರ್ ವರ್ಷದ್ದು. ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ, ಆಸ್ಟ್ರೇಲಿಯಾದ್ದು ಜುಲೈ 1ಕ್ಕೆ ಆರಂಭವಾಗುತ್ತದೆ. ವಹಿವಾಟು ವರದಿಯಲ್ಲಿ ಯಾವ ದಿನಾಂಕದಿಂದ ಯಾವ ದಿನಾಂಕಕ್ಕೆ ಬೇಕಾದರೂ ಮೊತ್ತ ತೆಗೆಯಬಹುದಾದ್ದರಿಂದ ಒಂದೇ ಪುಸ್ತಕದಿಂದ ಎರಡೂ ಕಡೆಯ ವರ್ಷಕ್ಕೆ ಉತ್ತರ ಸಿಗುತ್ತದೆ. ನಾವು ಅಮೆರಿಕದ ತೆರಿಗೆದಾರರಲ್ಲ, ವಿದೇಶಿಯರು ಎಂದು ಘೋಷಿಸಲು ಅಮೆರಿಕದ ಗ್ರಾಹಕರು ಕೇಳುವ ಡಬ್ಲ್ಯೂ-8ಬೆನ್ ನಮೂನೆಯ ವಿಷಯವನ್ನೂ ಇಲ್ಲೇ ಹೇಳಬೇಕು: ಪರಿಸ್ಥಿತಿ ಬದಲಾಗದಿದ್ದರೆ ಅದು ಸಾಮಾನ್ಯವಾಗಿ ಸಹಿ ಮಾಡಿದ ವರ್ಷದ ನಂತರದ ಮೂರನೆಯ ಕ್ಯಾಲೆಂಡರ್ ವರ್ಷದ ಕೊನೆಯ ದಿನದವರೆಗೆ ನಡೆಯುತ್ತದೆ, ಅಂದರೆ 2024ರ ಮಾರ್ಚ್‌ನಲ್ಲಿ ಸಹಿ ಮಾಡಿದ್ದು 2027ರ ಡಿಸೆಂಬರ್ 31ರವರೆಗೆ. ಈ ದಿನಾಂಕವನ್ನು ನಾನು ಗ್ರಾಹಕರ ವಿವರದ ಟಿಪ್ಪಣಿಯಲ್ಲೇ ಬರೆದಿಡುತ್ತೇನೆ. ಮುಂಗಡ ತೆರಿಗೆಯ ಕಂತುಗಳಿಗೆ ನಿಗದಿತ ವಹಿವಾಟುಗಳ ಸೌಲಭ್ಯ ಸಾಕಾಗುತ್ತದೆ.

ದಾಖಲೆಯ ವಿಶ್ವಾಸಾರ್ಹತೆಗೆ ಎರಡು ಸೌಲಭ್ಯಗಳು ನನಗೆ ಬಹಳ ಮುಖ್ಯ. ತಪ್ಪು ನಮೂದನ್ನು ಅಳಿಸುವ ಬದಲು ರದ್ದುಗೊಳಿಸಬಹುದು, ಆಗ ಕಾರಣವನ್ನು ಬರೆಯುವಂತೆ ಕೇಳಿ ಅದನ್ನು ಪುಸ್ತಕದಲ್ಲೇ ಉಳಿಸುತ್ತದೆ. ಇಷ್ಟು ದಿನಕ್ಕಿಂತ ಹಳೆಯ ನಮೂದುಗಳನ್ನು ತಿದ್ದಲಾಗದಂತೆ ಮಿತಿಯನ್ನೂ ಹಾಕಬಹುದು. ರಿಟರ್ನ್ ಸಲ್ಲಿಸಿದ ಬಳಿಕ ಹಳೆಯ ಅಂಕಿಗಳು ಕೈತಪ್ಪಿ ಬದಲಾಗುವ ಭಯವಿಲ್ಲ. ಆದರೆ ಜೋಡಿಸಿದ ದಾಖಲೆಗಳನ್ನು ಗ್ನೂಕ್ಯಾಶ್ ತನ್ನೊಳಗೆ ನಕಲು ಮಾಡಿಕೊಳ್ಳುವುದಿಲ್ಲ, ಕಡತ ಎಲ್ಲಿದೆ ಎಂಬ ವಿಳಾಸವನ್ನಷ್ಟೇ ಇಟ್ಟುಕೊಳ್ಳುತ್ತದೆ. ರಸೀದಿಗಳ ಫೋಲ್ಡರನ್ನೂ ಪುಸ್ತಕದ ಕಡತವನ್ನೂ ಒಟ್ಟಿಗೆ ಬ್ಯಾಕಪ್ ಮಾಡಬೇಕು, ಫೋಲ್ಡರಿನ ಜಾಗ ಬದಲಿಸಬಾರದು.

ತೆರಿಗೆಗೆಂದೇ ಇರುವ ಸಿದ್ಧ ವರದಿಯನ್ನು ನೆಚ್ಚಿ ಯಾರೂ ಇದನ್ನು ಆರಿಸಬೇಡಿ, ಅದು ಅಮೆರಿಕ ಮತ್ತು ಜರ್ಮನಿಯ ನಮೂನೆಗಳಿಗಾಗಿ ರೂಪಿಸಿದ್ದು. ಲೆಕ್ಕಪರಿಶೋಧಕರೂ ನೀವೂ ಏಕಕಾಲಕ್ಕೆ ಒಂದೇ ಪುಸ್ತಕದಲ್ಲಿ ಕೆಲಸ ಮಾಡಬೇಕೆಂದರೂ ಇದು ಸೂಕ್ತವಲ್ಲ, ಏಕೆಂದರೆ ಇದು ಒಬ್ಬರ ಬಳಕೆಗೆಂದು ಮಾಡಿದ ತಂತ್ರಾಂಶ. ಒಂದೇ ನಾಣ್ಯದಲ್ಲಿ, ಒಬ್ಬರೇ ಗ್ರಾಹಕರಿಂದ, ತಿಂಗಳಿಗೊಮ್ಮೆ ಹಣ ಬರುವವರಿಗೆ ಸ್ಪ್ರೆಡ್‌ಶೀಟ್ ಸಾಕು. ಎರಡನೆಯ ನಾಣ್ಯವೋ ಕಡಿತದ ಪ್ರಮಾಣಪತ್ರವೋ ಬಂದ ಮೇಲೆ, ಕಲಿಯಲು ಕೆಲವು ವಾರ ಹಿಡಿದರೂ, ಇದನ್ನೇ ಶಿಫಾರಸು ಮಾಡುತ್ತೇನೆ. ತೆರಿಗೆ ವರ್ಷದ ಮೊದಲ ದಿನದಿಂದ, ಬ್ಯಾಂಕಿನ ಆರಂಭಿಕ ಶಿಲ್ಕನ್ನು ಸರಿಯಾಗಿ ನಮೂದಿಸಿ ಶುರು ಮಾಡಿದರೆ ಹಿಂದಿನ ವರ್ಷದ ಲೆಕ್ಕವನ್ನು ಮತ್ತೆ ಬರೆಯುವ ಅಗತ್ಯ ಬೀಳುವುದಿಲ್ಲ.