ಅಮ್ಮನ ಸಿಒಪಿಡಿಗೆ ಪಲ್ಮನರಿ ರಿಹ್ಯಾಬ್: ಒಂದೂವರೆ ವರ್ಷ ಆದ್ಮೇಲೆ

ನಮ್ಮಮ್ಮಂಗೆ 66. ಒಂದಿನಾನೂ ಬೀಡಿ ಮುಟ್ಟಿದವಳಲ್ಲ, ಆದ್ರೆ ತೀರ್ಥಹಳ್ಳಿ ಕಡೆ ಮನೆ, ನಲವತ್ತು ವರ್ಷ ಸೌದೆ ಒಲೆ, ಬಚ್ಚಲೊಲೆ, ಸೀಸನ್ನಲ್ಲಿ ಅಡಿಕೆ ಬೇಯ್ಸೋ ಹಂಡೆ ಮುಂದೆ ಹೊಗೆ, ಕೊನೆಗೆ ಸಿಒಪಿಡಿ, ಅಂದ್ರೆ ಉಸಿರಿನ ದಾರಿ ಕಿರಿದಾಗಿ ದಮ್ಮು ಕಟ್ಟೋ ಶ್ವಾಸಕೋಶದ ಕಾಯಿಲೆ ಅಂದ್ರು. ಇನ್ಹೇಲರ್ ಕೊಟ್ರೂ ಬಚ್ಚಲಿಂದ ಅಡುಗೆಮನೆಗೆ ಬರೋಷ್ಟ್ರಲ್ಲಿ ಗೋಡೆ ಹಿಡ್ಕೊಂಡು ನಿಲ್ತಿದ್ಲು. ಡಾಕ್ಟ್ರು ಇಂಥೋರಿಗೆ ವ್ಯಾಯಾಮ, ಉಸಿರಾಟ ಕಲ್ಸೋ ಪಲ್ಮನರಿ ರಿಹ್ಯಾಬ್‌ಗೆ ಸೇರ್ಸಿ ಅಂದಾಗ ದಮ್ಮೇ ಇಲ್ದೋರಿಗೆ ಎಂಥ ವ್ಯಾಯಾಮ ಅಂತ ನಂಗೂ ಅನ್ಸಿತ್ತು.

ಶಿವಮೊಗ್ಗದ ಒಂದು ಪ್ರೈವೇಟ್ ಆಸ್ಪತ್ರೆ, 8 ವಾರ, ವಾರಕ್ಕೆ 2 ದಿನ. ಮೊದಲ್ನೇ ದಿನ ಬೆರಳಿಗೆ ಆಕ್ಸಿಮೀಟರ್ ಹಾಕಿ 6 ನಿಮಿಷ ಕಾರಿಡಾರ್‌ನಲ್ಲಿ ನಡೆಸಿದ್ರು, ಎರಡ್ಸಲ ನಿಂತು 210 ಮೀಟರ್. ಉಬ್ಸ ಎಷ್ಟಿದೆ, 0ಯಿಂದ 10ರೊಳಗೆ ಹೇಳಿ ಅಂದ್ರೆ ಅಮ್ಮಂದು ಯಾವಾಗ್ಲೂ "ಪರ್ವಾಗಿಲ್ಲ". ಮೂರ್ನೇ ಕ್ಲಾಸಿಂದ ಫಿಸಿಯೋ ಅದನ್ನ 7 ಅಂತ ಬರ್ಕೊಳ್ಳೋಕೆ ಶುರು ಮಾಡಿದ್ರು.

ಸೈಕಲ್, ಕುರ್ಚಿಯಿಂದ ಎದ್ದು ಕೂರೋದು, ಕೈಗೆ ಸಣ್ಣ ಡಂಬೆಲ್, ಇಷ್ಟೇ. ಆದ್ರೆ ಅಮ್ಮಂಗೆ ಹಿಡ್ಸಿದ್ದು ತುಟಿ ಚೂಪು ಮಾಡಿ ಉಸಿರು ಬಿಡೋದು. ಮೊದ್ಲು ಊದುಗೊಳವೆ ಹಿಡಿದೋಳ ಹಾಗೆ ಜೋರಾಗಿ ಊದಿದ್ಲು, "ಹಂಗಲ್ಲಮ್ಮ, ದೀಪ ಅಲ್ಲಾಡ್ಬೇಕು, ಆರ್ಬಾರ್ದು" ಅಂದ್ರು. "ಊದಿ ಊದಿ ಬಂದ ಕಾಯಿಲೆಗೆ ಮತ್ತೆ ಊದೋದೇ ಮದ್ದು ಮಾರಾಯ್ತಿ" ಅಂತ ವಾಪಸ್ ಬರೋವಾಗ ಬಸ್ಸಲ್ಲೆಲ್ಲ ನಗು. ಇನ್ನೊಂದು, ಎರಡು ವರ್ಷ ಇನ್ಹೇಲರ್ ತಪ್ಪಾಗಿ ಹೊಡ್ಕೊಳ್ತಿದ್ಲು ಅಂತ ಗೊತ್ತಾಗಿದ್ದೂ ಅಲ್ಲೇ, ಮದ್ದೆಲ್ಲ ನಾಲಿಗೆ ಮೇಲೆ ಕೂರ್ತಿತ್ತಂತೆ, ಇನ್ಹೇಲರ್‌ಗೆ ಸಿಕ್ಕಿಸೋ ಸ್ಪೇಸರ್ ಅನ್ನೋ ಕೊಳವೆ ಹಾಕಿ ಕಲ್ಸಿದ್ರು.

ಕೊನೇ ವಾರ 285 ಮೀಟರ್, ನಿಲ್ಲದೆ. 30 ಮೀಟರ್ ಜಾಸ್ತಿ ಆದ್ರೇನೇ ಒಳ್ಳೆ ಫಲ ಅಂತ ಲೆಕ್ಕವಂತೆ. ಊದ್ಸಿ ಶ್ವಾಸಕೋಶದ ಶಕ್ತಿ ಅಳೆಯೋ ಸ್ಪೈರೋಮೆಟ್ರಿ ರಿಪೋರ್ಟ್ ಮಾತ್ರ ಹಳೇದೂ ಹೊಸದೂ ಹೆಚ್ಚುಕಮ್ಮಿ ಒಂದೇ, ಅದ್ನ ನೋಡಿ ನಾನು ದುಡ್ಡು ದಂಡ ಅಂದ್ಕೊಂಡಿದ್ದೆ. ಹಾಳಾದ ಶ್ವಾಸಕೋಶ ರಿಪೇರಿ ಆಗಲ್ಲ, ಕಾಲಿನ ಸ್ನಾಯು ಗಟ್ಟಿಯಾಗಿ ಇರೋ ಉಸಿರಲ್ಲೇ ಜಾಸ್ತಿ ಕೆಲಸ ಆಗುತ್ತೆ ಅಂತ ಆಮೇಲೆ ಅರ್ಥ ಆಯ್ತು.

ಬೇಜಾರಿನ ವಿಷ್ಯ ಅಂದ್ರೆ ರೂಮಿರೋದು ಎರಡನೇ ಮಹಡೀಲಿ, ಎರಡ್ಸಲ ಲಿಫ್ಟ್ ಕೆಟ್ಟಿತ್ತು, ಉಬ್ಸದೋರನ್ನ ಮೆಟ್ಲು ಹತ್ಸೋ ಬುದ್ಧಿ ಯಾರದ್ದೋ! ನಮ್ಮ ಇನ್ಶೂರೆನ್ಸ್ ಅಡ್ಮಿಟ್ ಆದ್ರೆ ಮಾತ್ರ, ಹಾಗಾಗಿ ಎಲ್ಲಾ ಕೈಯಿಂದ್ಲೇ. ಮುಗಿದ ಮೇಲೆ ಮನೇಲಿ ಏನು ಮಾಡ್ಬೇಕು ಅಂತ ಒಂದು ಚೀಟಿ ಕೊಟ್ರು ಅಷ್ಟೇ, ಒಂದು ಫೋನೂ ಇಲ್ಲ. ಆ ಮಳೆಗಾಲ ಒಂದು ತಿಂಗ್ಳು ನಡಿಗೆ ಬಿಟ್ಟಿದ್ದಕ್ಕೆ ಮತ್ತೆ ಗೋಡೆ ಹಿಡಿಯೋ ಹಾಗಾಯ್ತು. ಈಗ ಮಳೆ ಬಂದ್ರೆ ಜಗಲೀಲೇ ಆ ತುದಿಯಿಂದ ಈ ತುದಿಗೆ ನಲವತ್ತು ಸಲ, ಲೆಕ್ಕಕ್ಕೆ ಕಿಟಕಿ ಮೇಲೆ ಅಡಿಕೆ ಇಟ್ಕೊಂಡು.

5ಕ್ಕೆ 4 ಕೊಡ್ತೀನಿ. ಬಚ್ಚಲಿಗೆ ಗೀಸರ್ ಹಾಕ್ಸಿದೀವಿ, ಆದ್ರೂ ನಾನಿಲ್ದಾಗ ಒಲೆ ಹಚ್ತಾಳೆ, ಸೀರೆ ವಾಸ್ನೇಲೇ ಗೊತ್ತಾಗುತ್ತೆ.