ಫಿಶರ್ ಆಪರೇಷನ್‌ಗೆ ಒಪ್ಪುವ ಮುಂಚೆ ಸ್ನಾಯುವಿನ ಬಲ ನೋಡಿಸಿಕೊಳ್ಳಿ
ಹೆರಿಗೆಯಾಗಿರುವ ಹೆಂಗಸರು ಇದನ್ನು ದಯವಿಟ್ಟು ಪೂರ್ತಿ ಓದಿ.

ಫಿಶರ್ ಅಂದರೆ ಗುದದ್ವಾರದಲ್ಲಿ ಸೀಳಿದಂತೆ ಆಗುವ ಗಾಯ. ಅದರ ನೋವು ಅನುಭವಿಸಿದವರಿಗೇ ಗೊತ್ತು. ಟಾಯ್ಲೆಟ್‌ಗೆ ಹೋಗಲೂ ಭಯ. 'ಒಳಗಿನ ಸ್ನಾಯು ಸ್ವಲ್ಪ ಕತ್ತರಿಸಿದರೆ ಸಾಕು, ಗಾಯ ಮಾಯುತ್ತೆ' ಎಂದರು ಸರ್ಜನ್. ಮಾಯಿತು, ನೋವೂ ಹೋಯಿತು. ಆದರೆ ಆಮೇಲೆ ಗ್ಯಾಸ್ ತಡೆಯುವುದು ನನ್ನ ಕೈಲಿ ಆಗಲಿಲ್ಲ. ಬಗ್ಗಿ ಎದ್ದರೆ ಒಳಉಡುಪಿಗೆ ಕಲೆ. ನಾಲ್ಕು ಜನರ ಮಧ್ಯೆ ಕೂರಲು ಹೆದರಿಕೆ.

ಹೆರಿಗೆಯಲ್ಲಿ ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಎಳೆಯುವ ಇಕ್ಕಳ) ಹಾಕಿದ್ರಾ, ಹರಿದು ಹೊಲಿಗೆ ಬಿದ್ದಿತ್ತಾ ಎಂದು ಆಪರೇಷನ್‌ಗೆ ಮುಂಚೆ ಯಾರೂ ಕೇಳಲಿಲ್ಲ. ನನಗೆ ಎರಡೂ ಆಗಿತ್ತು.

ಗುದದ್ವಾರದ ಸುತ್ತ ಬಳೆಯಂತೆ ಎರಡು ಸ್ನಾಯುಗಳಿವೆ. ಹೊರಗಿನದನ್ನು ನಾವು ಬೇಕೆಂದಾಗ ಬಿಗಿಹಿಡಿಯುತ್ತೇವೆ. ಒಳಗಿನದು ತನ್ನಷ್ಟಕ್ಕೆ ಬಿಗಿಯಾಗಿರುತ್ತದೆ. ಸುಮ್ನೆ ಕೂತಾಗ, ಮಲಗಿದಾಗ ಸೋರದಂತೆ ತಡೆಯುವುದು ಹೆಚ್ಚಾಗಿ ಅದೇ. ಫಿಶರ್ ಇರುವ ಬಹಳ ಜನರಲ್ಲಿ ಈ ಒಳಸ್ನಾಯು ಜಾಸ್ತಿ ಬಿಗಿದು, ರಕ್ತ ಸರಿಯಾಗಿ ಹರಿಯದೆ ಗಾಯ ಮಾಯುವುದಿಲ್ಲ. ಅಂಥವರಿಗೆ ಈ ಆಪರೇಷನ್ ನಿಜಕ್ಕೂ ಒಳ್ಳೆಯದು, ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಹೆರಿಗೆಯ ನಂತರ ಫಿಶರ್ ಬಂದ ಕೆಲವರಲ್ಲಿ ಆ ಬಿಗಿತವೇ ಇರುವುದಿಲ್ಲ. ಹೆರಿಗೆಯಲ್ಲಿ ಸ್ನಾಯುವಿಗೆ ಆದ ಪೆಟ್ಟು ಎಷ್ಟೋ ವರ್ಷ ಗೊತ್ತಾಗದೇ ಇರಬಹುದು. ಅಂಥವರಿಗೆ ಉಳಿದ ಆಸರೆಯನ್ನೂ ಕತ್ತರಿಸಿದರೆ ಏನಾಗಬೇಡ?

ಇದನ್ನು ಮೊದಲೇ ನೋಡಬಹುದಿತ್ತು ಅನ್ನುವುದೇ ನನ್ನ ಸಂಕಟ. ಮ್ಯಾನೋಮೆಟ್ರಿ ಎಂಬ ಪರೀಕ್ಷೆಯಲ್ಲಿ ತೆಳು ಕೊಳವೆ ಒಳಗಿಟ್ಟು, ಸುಮ್ಮನಿದ್ದಾಗ ಎಷ್ಟು ಒತ್ತಡ, ಬಿಗಿಹಿಡಿದಾಗ ಎಷ್ಟು ಎಂದು ಅಳೆಯುತ್ತಾರೆ. ಒಳಗಿನಿಂದ ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಸ್ನಾಯು ಎಲ್ಲಿ ಹರಿದಿದೆ ಎಂದು ಕಾಣುತ್ತದೆ. ಎಲ್ಲರಿಗೂ ಇವು ಬೇಕಿಲ್ಲ. ಹೆರಿಗೆಯಲ್ಲಿ ಹರಿದವರಿಗೆ, ಮುಂಚೆ ಪೈಲ್ಸ್ ಅಥವಾ ಫಿಸ್ಟುಲಾ (ಗುದದ ಪಕ್ಕ ಕೀವು ಸೋರುವ ದಾರಿ) ಆಪರೇಷನ್ ಆದವರಿಗೆ, ಈಗಾಗಲೇ ಅಲ್ಪಸ್ವಲ್ಪ ಸೋರುವವರಿಗೆ ಬೇಕು ಅಲ್ವಾ? ಖರ್ಚಿಲ್ಲದ ವೆಕ್ಸ್‌ನರ್ ಸ್ಕೋರ್ ಕೂಡ ಇದೆ. ಗ್ಯಾಸ್, ನೀರುಮಲ, ಗಟ್ಟಿಮಲ ಎಷ್ಟು ಸಲ ತಡೆಯಲಾಗುವುದಿಲ್ಲ, ಪ್ಯಾಡ್ ಬೇಕಾ, ದಿನದ ಬದುಕಿಗೆ ತೊಂದರೆಯಾ ಎಂದು ಕೇಳಿ 0ಯಿಂದ 20ರವರೆಗೆ ಅಂಕ ಹಾಕುತ್ತಾರೆ. 0 ಅಂದರೆ ಏನೂ ತೊಂದರೆ ಇಲ್ಲ. ಆಪರೇಷನ್‌ಗೆ ಮುಂಚೆ ನನ್ನದು ಯಾರೂ ಬರೆದಿಡಲಿಲ್ಲ. ಹಾಗಾಗಿ ಆಸ್ಪತ್ರೆಯವರು 'ನಿಮಗೆ ಮೊದಲಿಂದಲೂ ಹೀಗೇ ಇತ್ತೇನೋ' ಎಂದಾಗ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಸ್ನಾಯು ದುರ್ಬಲವಾಗಿದ್ದರೆ ಬೇರೆ ದಾರಿಗಳಿವೆ. ಕತ್ತರಿಸದೆ ಸ್ನಾಯು ಸಡಿಲಿಸುವ ಡಿಲ್ಟಿಯಾಜೆಮ್ ಮುಲಾಮು ವಾರಗಟ್ಟಲೆ ಹಚ್ಚಬಹುದು. ಅದೇ ಕೆಲಸಕ್ಕೆ ಬೊಟಾಕ್ಸ್ ಇಂಜೆಕ್ಷನ್ ಇದೆ, ಅದರ ಪರಿಣಾಮ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಸ್ನಾಯು ಮುಟ್ಟದೆ, ಪಕ್ಕದ ಚರ್ಮ ಸರಿಸಿ ಗಾಯ ಮುಚ್ಚುವ ಆಪರೇಷನ್ನೂ ಇದೆ. ಕತ್ತರಿಸಿದ್ದನ್ನು ಮಾತ್ರ ಮೊದಲಿನಂತೆ ಮಾಡುವುದು ಕಷ್ಟ.

ಹೆರಿಗೆಯ ವಿಷಯ, ಸೋರುವ ವಿಷಯ ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಟಿಯಲ್ಲಿ ಬರೆದು ಕೊಡಿ.