ಒಂದೇ ಮಾವಿನ ಬುಟ್ಟಾ, ಎರಡು ಮಷೀನು

ಅಕ್ಕನ ಮಗಳ ಮದುವೆ ಬ್ಲೌಸಿಗೆ ಕೈ ಹಾಕುವ ಮೊದಲು, ತೋಳಿನ ಮಾವಿನ ಬುಟ್ಟಾವನ್ನು ಚೂರು ರೇಷ್ಮೆಯ ಮೇಲೆ ಎರಡೂ ಮಷೀನಿನಲ್ಲಿ ಜೋಡಿ ಜೋಡಿಯಾಗಿ ಹಾಕಿ ನೋಡಿದೆ. ಒಂದು ನಮ್ಮತ್ತೆ ತುಳಿಯುತ್ತಿದ್ದ ಕರಿ ಹೊಲಿಗೆ ಮಷೀನು, ಇನ್ನೊಂದು ಕಳೆದ ವರ್ಷ ಕೊಂಡ ಕಂಪ್ಯೂಟರ್ ಎಂಬ್ರಾಯ್ಡರಿ ಮಷೀನು.

ಕರಿ ಮಷೀನಿಗೆ ತಯಾರಿ ಕಡಿಮೆ. ಬಟ್ಟೆ ಒತ್ತಿ ಹಿಡಿಯುವ ಪಾದ ಬಿಚ್ಚಿ, ಬಟ್ಟೆ ತಳ್ಳುವ ಹಲ್ಲು ಇಳಿಸಿ, ಬಟ್ಟೆಯನ್ನು ರಿಂಗಿನಲ್ಲಿ ತಮಟೆಯಂತೆ ಬಿಗಿದರಾಯಿತು. ಪಾದ ಇಲ್ಲದಿದ್ದರೂ ಅದರ ಹಿಡಿಯನ್ನು ಮಾತ್ರ ಕೆಳಗಿಳಿಸಲೇಬೇಕು. ಮರೆತರೆ ಮೇಲಿನ ದಾರಕ್ಕೆ ಟೆನ್ಷನ್ (ಬಿಗಿ) ಸಿಗದೆ ಅಡಿಯಲ್ಲಿ ದಾರ ಸಿಕ್ಕಾಗಿ ಹಕ್ಕಿಗೂಡು. ಆಮೇಲೆಲ್ಲ ಕೈಕಾಲಿನ ತಾಳ. ರಿಂಗನ್ನು ಗಬಕ್ಕನೆ ಎಳೆದರೆ ಸೂಜಿ ಮುರಿಯುತ್ತದೆ. ಒಂದು ಬುಟ್ಟಾಕ್ಕೆ 40 ನಿಮಿಷ ಹಿಡಿಯಿತು. ಎರಡನೆಯದು ಮೊದಲಿನದರ ತಂಗಿಯಂತಿತ್ತು, ಅವಳಿಯಂತಲ್ಲ.

ಕಂಪ್ಯೂಟರಿನದು ನಿಮಿಷಕ್ಕೆ 400 ಹೊಲಿಗೆ. 6,000 ಹೊಲಿಗೆಯ ಬುಟ್ಟಾ ಲೆಕ್ಕಕ್ಕೆ 15 ನಿಮಿಷ. ಆದರೆ ಸೂಜಿ ಒಂದೇ, ಬಣ್ಣ ಐದು. ಒಂದೊಂದು ಬಣ್ಣ ಮುಗಿದಾಗಲೂ ಕೂಗಿ ಕರೆಯುತ್ತದೆ, ಎದ್ದು ಹೋಗಿ ದಾರ ಪೋಣಿಸಬೇಕು. ಅಂತೂ 25 ನಿಮಿಷ. ಮೊದಲ ಸಲ ಬುಟ್ಟಾ ದೊಡ್ಡದಾಯಿತೆಂದು ಮಷೀನಿನ ಪರದೆಯಲ್ಲೇ ಕುಗ್ಗಿಸಿದ್ದೆ. ಗಾತ್ರ ಕುಗ್ಗಿತು, ಹೊಲಿಗೆಯ ಸಂಖ್ಯೆ ಅಷ್ಟೇ ಉಳಿಯಿತು! ರೇಷ್ಮೆ ಸುಕ್ಕಾಗಿ, ಬುಟ್ಟಾ ಹಪ್ಪಳದಂತೆ ಸೆಟೆದು ನಿಂತಿತು. ಬೇಕಾದ ಅಳತೆಗೇ ಬುಟ್ಟಾದ ಕಂಪ್ಯೂಟರ್ ಫೈಲ್ ಮಾಡಿಸಿ, ಅಡಿಗೆ ಬ್ಯಾಕಿಂಗ್ ಪೇಪರ್ ಕೊಟ್ಟ ಮೇಲೆ ಸರಿಹೋಯಿತು. ಕನ್ನಡಿ ಗುಂಡಿ ಒತ್ತಿದರೆ ಎಡ ತೋಳಿಗೆ ಬಲ ತೋಳಿನದೇ ಪ್ರತಿಬಿಂಬ. ಇಲ್ಲಿ ಕರಿ ಮಷೀನು ಸೋತಿತು, ನಾನೂ ಒಪ್ಪಿದೆ.

ಹುಮ್ಮಸ್ಸಿನಲ್ಲಿ ಇಳಕಲ್ ತುಂಡಿನ ಮೇಲೆ ಉತ್ತರ ಕರ್ನಾಟಕದ ಕೈಕಸೂತಿಯ ಗೋಪುರದ ಚಿತ್ತಾರವನ್ನೂ ಹಾಕಿದೆ. ಎರಡೂ ಮಷೀನು ಮಕಾಡೆ ಮಲಗಿದವು. ಕಸೂತಿಯ ಗವಂತಿ ಎಂಬ ಹೊಲಿಗೆ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಮಷೀನಿನದು ತಿರುಗಿಸಿದರೆ ಅಡಿಯ ಬಾಬಿನ್ ದಾರ ಬಣ್ಣ ಬಯಲು ಮಾಡುತ್ತದೆ. ಕಸೂತಿಯವರು ಬಟ್ಟೆಯ ಎಳೆ ಎಣಿಸುತ್ತಾರೆ. ಕಂಪ್ಯೂಟರು ಎಣಿಸುವುದು ಮಿಲಿಮೀಟರ್. ಬಟ್ಟೆ ಚೂರು ಓರೆಯಾಗಿ ಕೂತಿದ್ದರೂ ಗೋಪುರವನ್ನು ಓರೆಯಾಗಿಯೇ ಕಟ್ಟಿತು.

ಮದುಮಗಳ ತೋಳಿಗೆ ಕಂಪ್ಯೂಟರೇ ಎಂದು ತೀರ್ಮಾನಿಸಿದೆ. ಬೆನ್ನಿನ ಬಳ್ಳಿ ಮಾತ್ರ ಕರಿ ಮಷೀನಿಗೆ. ಹೊಸದರ ಫ್ರೇಮು ನಾಲ್ಕೇ ಇಂಚು, ಬಳ್ಳಿಯೋ ಹನ್ನೊಂದು. ಮೂರು ಸಲ ಬಿಚ್ಚಿ ಕಟ್ಟಿದರೆ ಎರಡು ಕಡೆ ಬೆಸುಗೆ ಕಾಣುತ್ತದೆ. ಕೈಯಲ್ಲಾದರೆ ಬೆಸುಗೆ ಬಂದ ಜಾಗಕ್ಕೊಂದು ಎಲೆ ಹೆಚ್ಚಿಗೆ ಬಿಡಿಸಿದರಾಯಿತು.